ಶಾರದಾ ಸದನದ ತೆರೆದ ಬಾಗಿಲು

1893ರ ಆಗಸ್ಟ್‌ನಲ್ಲಿ ಪುಣೆಯ ಶಾರದಾ ಸದನದ ಸಲಹಾ ಮಂಡಳಿಯಿಂದ ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಲ ಭಂಡಾರ್ಕರ್ ಹೊರಬಂದರು. ಇಬ್ಬರೂ ಪ್ರಾರ್ಥನಾ ಸಮಾಜದ ಹಿರಿಯರು, ಹೆಣ್ಣುಮಕ್ಕಳ ಓದಿಗೆ ದನಿ ಎತ್ತಿದವರು. ಪಂಡಿತಾ ರಮಾಬಾಯಿಯವರ ಈ ಶಾಲೆಯ ಮೇಲೆ ಊರಿಗೆ ನಂಬಿಕೆ ಹುಟ್ಟಿದ್ದರಲ್ಲಿ ಅವರ ಹೆಸರಿನ ಪಾಲೂ ದೊಡ್ಡದು. ಹುಡುಗಿಯರನ್ನು ಕ್ರೈಸ್ತ ಮತದ ಕಡೆಗೆ ಎಳೆಯಲಾಗುತ್ತಿದೆ ಎಂಬುದು ಅವರ ಆಕ್ಷೇಪ. ಟಿಳಕರ ಪತ್ರಿಕೆ 'ಕೇಸರಿ' ಅದನ್ನು ಮೊದಲಿಂದಲೇ ಕಟುವಾಗಿ ಬರೆಯುತ್ತಿತ್ತು. ರಾಜೀನಾಮೆಯ ಸುದ್ದಿ ಹಬ್ಬುತ್ತಲೇ ಹಲವು ಮನೆಯವರು ಬಂದು ತಮ್ಮ ಹುಡುಗಿಯರನ್ನು ಕರೆದೊಯ್ದರು. ಅವರಲ್ಲಿ ಬಾಲವಿಧವೆಯರಿದ್ದರು. ಎಂಥ ಬದುಕಿಗೆ ಅವರು ಮರಳಿದರು ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಾನು ಕರಾವಳಿಯವಳು. ಬಾಸೆಲ್ ಮಿಷನ್ನಿನವರು ಕಟ್ಟಿದ ಸಭೆಯಲ್ಲಿ ತಲೆಮಾರುಗಳಿಂದ ದೀಕ್ಷಾಸ್ನಾನ ಪಡೆದುಬಂದ ಮನೆತನ ನಮ್ಮದು. ಮದುವೆಯಾಗಿ ಪುಣೆಗೆ ಬಂದು, ಇಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಲೇ ಹಣ್ಣಾದೆ. ರಮಾಬಾಯಿ ನನಗೆ ನಂಬಿಕೆಯಿಂದಲೂ ಹತ್ತಿರ, ನೆಲದಿಂದಲೂ ಹತ್ತಿರ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳದ ಮಾಳದ ಕಡೆಯ ಚಿತ್ಪಾವನರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂದು ಅವರ ಮೇಲೆ ದೂರು ಎದ್ದಿತು. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಹೆಣ್ಣಿಗೆ ವಿದ್ಯೆ ನಿಷಿದ್ಧವಲ್ಲವೆಂದು ಶಾಸ್ತ್ರದಿಂದಲೇ ವಾದಿಸಿ ಬಂದರು. ಆಮೇಲೆ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಆಶ್ರಮ ಕಟ್ಟಿಕೊಂಡರು. 1858ರ ಏಪ್ರಿಲ್‌ನಲ್ಲಿ ರಮಾ ಹುಟ್ಟಿದ್ದು ಆ ಕಾಡಿನಲ್ಲಿ.

ಮುಂದಿನದು ಬಹಳ ಜನಕ್ಕೆ ಗೊತ್ತಿರುವ ಕಥೆ. 1870ರ ದಶಕದ ಬರ ತಂದೆ, ತಾಯಿ, ಅಕ್ಕನನ್ನು ತೆಗೆದುಕೊಂಡಿತು. ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧ್ವಿಯವರನ್ನು ಮದುವೆಯಾದ ಎರಡು ವರ್ಷದೊಳಗೆ ವೈಧವ್ಯ ಬಂತು. 1882ರಲ್ಲಿ ಮಗು ಮನೋರಮೆಯನ್ನು ಎತ್ತಿಕೊಂಡು ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ, ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

ನಾನು ನಿಂತು ಓದುವುದು ಇಲ್ಲಿಂದ. ಕ್ರೈಸ್ತಳಾದ ಮೇಲೆ ರಮಾಬಾಯಿ ನಡೆಸಿದ ಮೊದಲ ದೊಡ್ಡ ಜಗಳ ಹಿಂದೂಗಳ ಜೊತೆಗಲ್ಲ, ಸ್ವಂತ ಸಭೆಯ ಜೊತೆಗೆ. ವಿಷಯ, ಮಗಳ ಶಿಕ್ಷಣ. ವಾಂಟೇಜ್‌ನ ಸಿಸ್ಟರ್ ಜೆರಾಲ್ಡಿನ್, ಸಭೆಯ ಸಿದ್ಧಾಂತಗಳನ್ನು ಮನೋರಮೆಗೆ ಎಳವೆಯಲ್ಲೇ ಕಲಿಸಬೇಕೆಂದು ಪಟ್ಟು ಹಿಡಿದಿದ್ದರು. ತಾಯಿ ಒಪ್ಪಲಿಲ್ಲ. ನಮ್ಮ ನಾಡಿನ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದಿದ್ದೇನೆ, ಮತ್ತೊಂದು ನೊಗಕ್ಕೆ ಹೆಗಲು ಕೊಡಲಾರೆ ಎಂಬ ಅರ್ಥದಲ್ಲಿ 1885ರಲ್ಲಿ ಬರೆದರು. ಮಗಳು ಕ್ರಿಸ್ತನನ್ನು ಅರಿಯಲಿ, ಆದರೆ ತನ್ನ ಬುದ್ಧಿಗೆ ಎಟುಕದ್ದನ್ನು ಬಾಯಿಪಾಠ ಮಾಡಿ ನಂಬಿದೆನೆಂದು ಹೇಳಬಾರದು, ತನ್ನ ನಾಡಿನವರಿಗೆ ಪರಕೀಯಳಾಗಬಾರದು ಎಂಬುದು ಅವರ ನಿಲುವು. ಆಗ ಮನೋರಮೆಗೆ ನಾಲ್ಕು ವರ್ಷ. ಈ ಪತ್ರಗಳನ್ನು ಕೂಡಿಸಿಟ್ಟವರು ಅದೇ ಜೆರಾಲ್ಡಿನ್. ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಅವು 1977ರಲ್ಲಿ ಅಚ್ಚಾದವು. ಭಾನುವಾರದ ಶಾಲೆ ನಡೆಸುವ ನಮ್ಮ ಸಭೆಯ ಪ್ರತಿಯೊಬ್ಬರೂ ಅವನ್ನು ಓದಬೇಕು.

ಶಾರದಾ ಸದನ 1889ರ ಮಾರ್ಚ್ 11ರಂದು ಮುಂಬೈಯಲ್ಲಿ ತೆರೆಯಿತು, ಮರುವರ್ಷ ಪುಣೆಗೆ ಬಂತು. ಬಾಸ್ಟನ್ನಿನ ರಮಾಬಾಯಿ ಅಸೋಸಿಯೇಷನ್ ಹತ್ತು ವರ್ಷ ಹಣ ಕೊಡಲು ಒಪ್ಪಿದ್ದೇ ಧರ್ಮದ ವಿಚಾರದಲ್ಲಿ ಶಾಲೆ ತಟಸ್ಥವಾಗಿರುತ್ತದೆ ಎಂಬ ಷರತ್ತಿನ ಮೇಲೆ. ಹುಡುಗಿಯರು ತಮ್ಮ ಜಾತಿಯ ಆಚಾರ, ಊಟದ ಮಡಿ ಉಳಿಸಿಕೊಳ್ಳಬಹುದಿತ್ತು. ತರಗತಿಯಲ್ಲಿ ಬೈಬಲ್ ಪಾಠವಿರಲಿಲ್ಲ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಮಂಡಳಿ ಅದನ್ನು ನಿಲ್ಲಿಸಲು ಹೇಳಿತು. ರಮಾಬಾಯಿ ಯಾರನ್ನೂ ಕರೆಯಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ.

ರಾನಡೆಯವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಯವರು ಮಕ್ಕಳನ್ನು ಕಳಿಸಿದ್ದು ಒಂದು ಮಾತಿನ ಮೇಲೆ. ಉಣ್ಣಿಸಿ, ಓದಿಸಿ, ಪ್ರೀತಿಸುವ ಗುರುವಿನ ಪ್ರಾರ್ಥನೆಗೆ ಎಳೆಯ ಮನಸ್ಸಿನ ಮೇಲೆ ಎಷ್ಟು ಬಲವಿರುತ್ತದೆಂದು ಪಾಠ ಹೇಳಿದ ಎಲ್ಲರಿಗೂ ಗೊತ್ತು. ಆದರೂ ಆ ಬಾಗಿಲನ್ನು ಮುಚ್ಚಿಸುವುದು ಗುರುವಿನ ನಂಬಿಕೆಯನ್ನು ಕಳ್ಳಮಾಲಿನಂತೆ ಬಚ್ಚಿಡಿಸುವುದೇ ಆಗುತ್ತಿತ್ತು. ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಅಲ್ಲೇ ಓದಿದರು, ಕ್ರೈಸ್ತರಾಗಲಿಲ್ಲ. 1893ರ ಮಾರ್ಚ್‌ನಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿಯಾದರು. ಮೂರು ವರ್ಷದ ಬಳಿಕ ಕರ್ವೆಯವರು ಹಿಂದೂ ವಿಧವೆಯರಿಗಾಗಿ ಆಶ್ರಮ ತೆರೆದರು. ಅದಕ್ಕೂ ಅರ್ಧ ಶತಮಾನ ಮೊದಲು ಇದೇ ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಓದಿದ ಜ್ಯೋತಿಬಾ ಫುಲೆ ಕೂಡ ಮತಾಂತರವಾಗದೆ ತಮ್ಮದೇ ದಾರಿ ಹಿಡಿದರು. ಮಕ್ಕಳು ದೊಡ್ಡವರು ಎಣಿಸಿದಷ್ಟು ದುರ್ಬಲರಲ್ಲ.

ಕೇಡಗಾಂವ್ ವಿಚಾರ ಹೀಗಲ್ಲ. ದೌಂಡ್ ದಾರಿಯಲ್ಲಿ ರಮಾಬಾಯಿ ಅಲ್ಲಿ ಕೊಂಡ ಜಮೀನಿನಲ್ಲಿ ಮುಕ್ತಿ ಎಂಬ ಆಶ್ರಯಧಾಮ ಬೆಳೆಯಿತು. 1896-97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಉಳಿಸಿದರು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ. ತಟಸ್ಥತೆಯ ಷರತ್ತಿನ ಹತ್ತು ವರ್ಷ ಮುಗಿದಿತ್ತು, ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಯಿತು. ಆ ಮಕ್ಕಳನ್ನು ಸಾವಿನ ಬಾಯಿಂದ ತೆಗೆದ ಕೈಗೆ ನಾನು ಮುಗಿಯುತ್ತೇನೆ. ಆದರೆ ಅನ್ನ ಕೊಟ್ಟ ಕೈಯೇ ಪ್ರಾರ್ಥನೆಗೆ ಕರೆದರೆ, ಬೇಡ ಎನ್ನುವ ಶಕ್ತಿ ಹಸಿದು ಬಂದ ಅನಾಥ ಮಗುವಿಗೆ ಎಲ್ಲಿಂದ ಬರಬೇಕು? ಮನೋರಮೆಯ ಪರವಾಗಿ ಜಗಳವಾಡಲು ಒಬ್ಬ ತಾಯಿ ಇದ್ದಳು. ಇವರಿಗೆ ಯಾರೂ ಇರಲಿಲ್ಲ. ಮಗಳಿಗಾಗಿ ಕೇಳಿದ ಸ್ವಾತಂತ್ರ್ಯವನ್ನು ರಮಾಬಾಯಿ ಈ ಮಕ್ಕಳಿಗೂ ಅಷ್ಟೇ ಎಚ್ಚರದಿಂದ ಕಾದಿಡಬೇಕಿತ್ತು ಎಂದು ಕ್ರೈಸ್ತಳಾಗಿಯೇ ಹೇಳುತ್ತೇನೆ. ಮನೋರಮಾ ಮುಂದೆ ನಮ್ಮ ಕಲಬುರಗಿಯಲ್ಲಿ ಶಾಲೆ ನಡೆಸಿದರು. 1921ರಲ್ಲಿ ಅವರು, 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು.

ಸಂವಿಧಾನದ 28ನೇ ವಿಧಿಯ ಮೂರನೇ ಖಂಡ ಈ ಜಗಳಕ್ಕೆ ಒಂದು ಗೆರೆ ಎಳೆದಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧರ್ಮಬೋಧೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಅಪ್ರಾಪ್ತರ ಪರವಾಗಿ ಪೋಷಕರು ಒಪ್ಪಬೇಕು. 1986ರಲ್ಲಿ ಸುಪ್ರೀಂ ಕೋರ್ಟು ಮಗುವಿನ ಮನಸ್ಸಾಕ್ಷಿಯನ್ನೂ ಗೌರವಿಸಿತು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದ ಕೇರಳದ ಮೂವರು ಒಡಹುಟ್ಟಿದವರನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದ್ದರು. ಹಾಡುವಾಗ ಗೌರವದಿಂದ ಎದ್ದು ನಿಂತಿದ್ದ ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಕೋರ್ಟು ಹೇಳಿತು.

ನಮ್ಮ ಹಲವು ಕ್ರೈಸ್ತ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗೆ ಕ್ಯಾಟೆಕಿಸಂ, ಉಳಿದವರಿಗೆ ಮೋರಲ್ ಸೈನ್ಸ್ ಎಂಬ ಪದ್ಧತಿ ಬೆಳೆದುಬಂದಿದೆ. ಅದು ಒಳ್ಳೆಯ ಪದ್ಧತಿ. ಬೆಳಗಿನ ಪ್ರಾರ್ಥನೆಗೆ ಮಾತ್ರ ಎಲ್ಲರೂ ಕೈಮುಗಿಯುತ್ತಾರೆ, ಯಾರನ್ನೂ ಕೇಳಿರುವುದಿಲ್ಲ. ಬೇರೆ ಶಾಲೆಗಳಲ್ಲಿ ಸರಸ್ವತಿ ವಂದನೆಗೆ ನಿಲ್ಲುವ ನಮ್ಮ ಮಕ್ಕಳನ್ನೂ ಯಾರೂ ಕೇಳಿರುವುದಿಲ್ಲ. ಶಾಲೆ ನಡೆಸುವ ಪಾದ್ರಿಗಳಲ್ಲಿ, ಸಿಸ್ಟರುಗಳಲ್ಲಿ, ಮಠದವರಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟೇ: ಮಗುವನ್ನು ಸೇರಿಸಿಕೊಳ್ಳುವ ದಿನವೇ ತಾಯಿತಂದೆಯರ ಒಪ್ಪಿಗೆಯನ್ನು ಬರೆಸಿಕೊಳ್ಳಿ. ತಿಳಿವಳಿಕೆ ಬಂದ ಮೇಲೆ ಮಗುವನ್ನೂ ಕೇಳಿ. ಅದು ಬೇಡವೆಂದರೆ, ಆ ಹೊತ್ತಿಗೆ ಕೂತು ಓದಲು ಒಂದು ಜಾಗ ಕೊಡಿ.