ಪೇಂಟ್ ಡಬ್ಬದಲ್ಲಿದ್ದ ಬ್ರಹ್ಮಕಮಲ

ಕೋಲಾರದ 11 ತಾಲ್ಲೂಕಲ್ಲಿ 6 ಬೇರೆಯಾಗಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದೇ ವರ್ಷ ಗೌರಿಬಿದನೂರಿನ ನಮ್ಮ ನಾದಿನಿ ಬ್ರಹ್ಮಕಮಲದ ಒಂದು ಎಲೆ ಒದ್ದೆ ಬಟ್ಟೇಲಿ ಸುತ್ತಿ ತಂದುಕೊಟ್ಲು. ಹಳೇ ಪೇಂಟ್ ಡಬ್ಬದಲ್ಲಿ ಊರಿದೆ.

ಹಿಮಾಲಯದ ಬ್ರಹ್ಮಕಮಲ ಬೇರೆ, ನಮ್ಮ ಮನೆಗಳದ್ದು ಬೇರೆ ಕಣ್ರೀ. ಇದು ಪಾಪಾಸುಕಳ್ಳಿ ವಂಶದ್ದು, ಮೆಕ್ಸಿಕೋ ಕಡೆ ಕಾಡಲ್ಲಿ ಮರದ ಕವಲಿನ ಮೇಲೆ ಬೆಳೀತೈತೆ. ಇಂಥ ಗಿಡಗಳು ಸಮುದ್ರ ದಾಟಿದ್ದು 1492ರಲ್ಲಿ ಕೊಲಂಬಸ್ ಆ ಕಡೆ ಹೋಗಿ ಬಂದ ಮೇಲೆ. ನಮ್ಮ ಬೀದೀಲಿ ಮಾತ್ರ ಇದನ್ನ ಯಾರೂ ದುಡ್ಡು ಕೊಟ್ಟು ತಂದಿಲ್ಲ. ಎಲೆ ಕೈಯಿಂದ ಕೈಗೆ ಬಂತು, ಅಷ್ಟೇ.

ಈ ಸಲ ಡಬ್ಬ ಬಿರಿದು ಬೇರು ಹೊರಗೆ ಬಂದಿತ್ತು. ಮುಟ್ಟೋಕೆ ಕೈ ಬರಲಿಲ್ಲ. ನಾದಿನಿ ಈಗಿಲ್ಲ. ಅವರ ಮನೆ ಹೊಸದಾಗಿ ಕಟ್ಟುವಾಗ ಅಲ್ಲಿನ ಗಿಡವೂ ಹೋಯ್ತು. ಉಳಿದಿದ್ದು ಇದೊಂದೇ.

ಕೊನೆಗೆ ಡಬ್ಬ ಕುಯ್ದು, ಬೇರಿನ ಮುದ್ದೆ ಒಡೆಯದೆ, ಎರಡು ಬೆರಳಷ್ಟೇ ದೊಡ್ಡದಾದ ಮಣ್ಣಿನ ಕುಂಡಕ್ಕಿಟ್ಟೆ. ಕೆಂಪುಮಣ್ಣು, ಮರಳು, ಹಳೇ ಸಗಣಿಗೊಬ್ಬರ ಹಾಕಿದೆ. ಮೂರು ದಿನ ನೀರು ಹಾಕಲಿಲ್ಲ, ಗಾಯವಾದ ಬೇರು ಕೊಳೆತೋಗ್ತೈತೆ. ಹದಿನೈದು ದಿನ ಸೊರಗಿ ನಿಂತಿತ್ತು, ಆಮೇಲೆ ಚಿಗುರಿತು.

ಮೊನ್ನೆ ಒಂದು ಎಲೆ ಒದ್ದೆ ಬಟ್ಟೇಲಿ ಸುತ್ತಿ ಗೌರಿಬಿದನೂರಿಗೆ ಕಳಿಸಿದೆ, ಅವಳ ಸೊಸೆಗೆ.