ನಂಬಿದವನು ಯಾರ ಜೊತೆ ಉಣ್ಣಬೇಕು?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಕುಡತಿನಿ ಎಂದರೆ ಜನರಿಗೆ ನೆನಪಾಗುವುದು ನವಶಿಲಾಯುಗದ ಬೂದಿದಿಬ್ಬ ಮತ್ತು ಉಷ್ಣ ವಿದ್ಯುತ್ ಸ್ಥಾವರ. ಈ ಸೀಮೆಗೆ ಇನ್ನೊಂದು ಚರಿತ್ರೆಯೂ ಇದೆ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಕನ್ನಡ ಕಲಿತರು. ಕನ್ನಡ ನಿಘಂಟುಕಾರರೂ ಆದ ವಿಲಿಯಂ ರೀವ್ ಮುಂತಾದವರ ಜೊತೆಗೂಡಿ, 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು.

ಹೀಗೆ ಕನ್ನಡಕ್ಕೆ ಬಂದ ಆ ಗ್ರಂಥದೊಳಗೆ ಬಹಳ ಹಳೆಯ ಪ್ರಶ್ನೆಯೊಂದಿದೆ. ದೇವರು ಮನುಷ್ಯನನ್ನು ನೀತಿವಂತನೆಂದು ಒಪ್ಪುವುದು ಅವನ ನಂಬಿಕೆಯನ್ನು ನೋಡಿಯೋ ಅಥವಾ ಅವನ ವಿಧೇಯತೆಯನ್ನು ನೋಡಿಯೋ? ಸಂತ ಪೌಲ ಮತ್ತು ಯಾಕೋಬ ಇಬ್ಬರೂ ಇದಕ್ಕೆ ಅಬ್ರಹಾಮನ ಉದಾಹರಣೆಯನ್ನೇ ಕೊಡುತ್ತಾರೆ. ಬಕ್ರೀದಿನಂದು ಮುಸ್ಲಿಮರು ಸ್ಮರಿಸುವ ಪ್ರವಾದಿ ಇಬ್ರಾಹೀಮರೇ ಈ ಅಬ್ರಹಾಮ. ಸುನ್ನತಿಗೂ ಮೊದಲೇ ಆತ ದೇವರ ವಾಗ್ದಾನವನ್ನು ನಂಬಿದ್ದನ್ನು ಪೌಲ ಎತ್ತಿ ಹೇಳುತ್ತಾನೆ. ಮಗನನ್ನೇ ಬಲಿಪೀಠಕ್ಕೆ ತಂದದ್ದನ್ನು ಯಾಕೋಬ ನೆನಪಿಸುತ್ತಾನೆ. ಆದರೆ ಪೌಲನೂ ವಿಧೇಯತೆಯನ್ನು ಕೈಬಿಟ್ಟವನಲ್ಲ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೂ ಕೊನೆಯ ಅಧ್ಯಾಯದಲ್ಲೂ ಆತ ಈ ಎರಡು ಪದಗಳನ್ನು ಒಂದಕ್ಕೊಂದು ಬೆಸೆದೇ ಬಳಸಿದ್ದಾನೆ.

16ನೇ ಶತಮಾನದಲ್ಲಿ ಈ ಪ್ರಶ್ನೆ ಯುರೋಪಿನ ಕ್ರೈಸ್ತರನ್ನು ಇಬ್ಭಾಗ ಮಾಡಿತು. ನಂಬಿಕೆಯೊಂದೇ ಸಾಕೆಂದ ಮಾರ್ಟಿನ್ ಲೂಥರ್‌ಗೆ ಯಾಕೋಬನ ಪತ್ರ ಅಷ್ಟಾಗಿ ಹಿಡಿಸಲಿಲ್ಲ. ಆದರೂ ನಿಜವಾದ ನಂಬಿಕೆ ಸತ್ಕಾರ್ಯ ಮಾಡದೆ ಸುಮ್ಮನಿರದು ಎಂಬುದನ್ನು ಆತನೂ ಒಪ್ಪಿದ್ದ.

ನಮ್ಮ ನಾಡಿನಲ್ಲಿ ಇದೇ ಪ್ರಶ್ನೆ ಊಟದ ಎಲೆಯ ಮುಂದೆ ಬಂದು ನಿಂತಿತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1850ರಲ್ಲಿ ಮದರಾಸಿನ ಮಿಶನರಿ ಸಮ್ಮೇಳನವು ಜಾತಿಯ ಬಗ್ಗೆ ಒಂದು ನಿರ್ಣಯ ಮಾಡಿತು. ಕೆಳಜಾತಿಯೆನಿಸಿಕೊಂಡ ಕ್ರೈಸ್ತರೊಡನೆ ಕೂತು ಉಣ್ಣಲು ಒಪ್ಪದವರು ಜಾತಿಯನ್ನು ಬಿಟ್ಟವರಲ್ಲ ಎಂಬುದು ಅದರ ತಾತ್ಪರ್ಯ. ತರಂಗಂಬಾಡಿಯ ಕಡೆ ಕೆಲಸ ಮಾಡುತ್ತಿದ್ದ ಜರ್ಮನಿಯ ಲೈಪ್ಸಿಗ್ ಮಿಶನ್ ಇದನ್ನು ಒಪ್ಪಲಿಲ್ಲ. ಜಾತಿ ಲೌಕಿಕ ಕಟ್ಟಳೆ, ಉಪದೇಶದಿಂದ ನಿಧಾನವಾಗಿ ಕರಗಬೇಕಾದದ್ದು, ಸಹಭೋಜನವನ್ನು ಷರತ್ತು ಮಾಡಿದರೆ ನಂಬಿಕೆಗೆ ಹೊಸದೊಂದು ಕಾನೂನನ್ನು ಹೇರಿದಂತೆ ಎಂದು ಆ ಮಿಶನ್ನಿನ ಕಾರ್ಲ್ ಗ್ರೌಲ್ ವಾದಿಸಿದರು.

ಒತ್ತಾಯದಿಂದ ಉಂಡ ತುತ್ತು ಮನಸ್ಸನ್ನು ಬದಲಿಸದು ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಪಂಕ್ತಿಯಿಂದ ಹೊರಗೆ ಕೂತವನು ಏನು ಮಾಡಬೇಕು? ಒಳಗಿರುವವರ ನಂಬಿಕೆ ಹಣ್ಣಾಗುವವರೆಗೆ ಅವನು ತಲೆಮಾರುಗಟ್ಟಲೆ ಕಾಯಬೇಕೆ? ಅವನ ಪಾಲಿಗೆ ಇದು ದೇವತಾಶಾಸ್ತ್ರದ ಚರ್ಚೆಯಾಗಿರಲಿಲ್ಲ, ಮಾನದ ಪ್ರಶ್ನೆಯಾಗಿತ್ತು.

ಗ್ರಂಥದ ಜಗಳ ಒಂದು ಮಟ್ಟಿಗೆ ತಣ್ಣಗಾಗಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನರೂ ಜಂಟಿ ಘೋಷಣೆಗೆ ಸಹಿ ಹಾಕಿದರು. ಮನುಷ್ಯನನ್ನು ಉದ್ಧರಿಸುವುದು ದೇವರ ಕೃಪೆ, ಸತ್ಕಾರ್ಯಗಳು ಅದರ ಫಲ ಎಂದು ಇಬ್ಬರೂ ಒಪ್ಪಿದರು. ಪಂಕ್ತಿಯ ಜಗಳ ಮಾತ್ರ ಮುಗಿದಿಲ್ಲ. ಚರ್ಚಿನೊಳಗೆ ದಲಿತರ ಬಗ್ಗೆ ತಾರತಮ್ಯ ಉಳಿದಿದೆ ಎಂದು ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯೇ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು.

ಈ ಸಂಕಟ ಕ್ರೈಸ್ತರದ್ದು ಮಾತ್ರವೇ? ಸಮಾನತೆಯನ್ನು ಸಾರುವ ಯಾವ ಧರ್ಮದವರಾದರೂ ಮದುವೆ ಸಂಬಂಧ ನೋಡುವಾಗ, ಊಟಕ್ಕೆ ಕರೆಯುವಾಗ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಬೈಬಲಿನ ಗ್ರೀಕ್ ಮೂಲದಲ್ಲಿ ವಿಧೇಯತೆಗೆ ಬಳಸಿದ ಪದ ಹುಟ್ಟಿದ್ದು ‘ಕೇಳು’ ಎಂಬ ಧಾತುವಿನಿಂದ. ನಮ್ಮ ಕನ್ನಡವೂ ಹಾಗೆಯೇ. ಮಾತು ಕೇಳುವ ಮಗು ಎಂದರೆ ಮಾತನ್ನು ಕಿವಿಗೆ ಹಾಕಿಕೊಳ್ಳುವ ಮಗುವಷ್ಟೇ ಅಲ್ಲ, ಹೇಳಿದಂತೆ ನಡೆಯುವ ಮಗು. ದೇವರ ಮಾತನ್ನು ಕೇಳಿದ್ದೇವೆ ಎನ್ನುವ ನಾವೆಲ್ಲರೂ ಅದನ್ನು ಯಾವ ಅರ್ಥದಲ್ಲಿ ಕೇಳಿದ್ದೇವೆ ಎಂಬುದು ನಮ್ಮ ಪಕ್ಕದ ಎಲೆಗೆ ಯಾರನ್ನು ಕರೆಯುತ್ತೇವೆ ಎಂಬುದರಲ್ಲಿ ತಿಳಿಯುತ್ತದೆ.