ಮೋಟಾರಿಗೆ ತಕ್ಕ ಗೇರ್: ಎಲೆಕ್ಟ್ರಿಕ್ ಕಾರಿನ ಹಳೇ ಪಾಠ

ಊರಿನ ಹಿಟ್ಟಿನ ಗಿರಣಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮೋಟಾರಿನ ಪುಲ್ಲಿ ಚಿಕ್ಕದು, ಕಲ್ಲಿನ ಪುಲ್ಲಿ ದೊಡ್ಡದು. ಮೋಟಾರು ಜೋರಾಗಿ ತಿರುಗುತ್ತದೆ. ಕಲ್ಲು ನಿಧಾನವಾಗಿ, ಆದರೆ ಬಲವಾಗಿ ತಿರುಗುತ್ತದೆ. ಪುಲ್ಲಿಗಳನ್ನು ಅದಲುಬದಲು ಮಾಡಿದರೆ ಜೋಳ ಸುರಿದ ಕೂಡಲೇ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಹಳೆಯ ಪೆಟ್ರೋಲ್ ಕಾರಿಗೆ ಮೋಟಾರು, ಬ್ಯಾಟರಿ ಕೂರಿಸುವವರ ಮುಂದಿರುವುದೂ ಇದೇ ಲೆಕ್ಕ. ಅದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ.

1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಫ್ರಾನ್ಸಿನ ಅಶೇರ್‌ನಲ್ಲಿ ಗಂಟೆಗೆ 105.88 ಕಿ.ಮೀ. ವೇಗದಲ್ಲಿ ಕಾರು ಓಡಿಸಿದ. ನೂರರ ಗಡಿ ದಾಟಿದ ಮೊದಲ ಕಾರು ಅದು. ಓಡಿದ್ದು ಬ್ಯಾಟರಿಯಲ್ಲಿ! ಅದಕ್ಕೆ ಗೇರ್ ಇರಲಿಲ್ಲ. ಎರಡು ಮೋಟಾರುಗಳು ಹಿಂದಿನ ಚಕ್ರಗಳನ್ನು ನೇರವಾಗಿ ತಿರುಗಿಸುತ್ತಿದ್ದವು. ಮರುವರ್ಷ ಪ್ಯಾರಿಸ್ ಪ್ರದರ್ಶನದಲ್ಲಿ ಫರ್ಡಿನಂಡ್ ಪೋರ್ಷೆ ರೂಪಿಸಿದ ಕಾರಿನಲ್ಲಿ ಮೋಟಾರು ಚಕ್ರದೊಳಗೇ ಇತ್ತು. ಗೇರ್ ತಪ್ಪಿತು ನಿಜ. ಆದರೆ ಚಕ್ರ ತಿರುಗಿದಷ್ಟೇ ನಿಧಾನವಾಗಿ ಮೋಟಾರೂ ತಿರುಗಬೇಕಲ್ಲ? ಹಾಗೆ ನಿಧಾನವಾಗಿ ತಿರುಗುತ್ತಲೇ ಭಾರ ಎಳೆಯಲು ಮೋಟಾರು ದೊಡ್ಡದಾಗಬೇಕು, ತೂಕದ್ದಾಗಬೇಕು.

ಪೆಟ್ರೋಲ್ ಎಂಜಿನ್ ನಿಧಾನವಾದರೆ ಬಲ ಕಳೆದುಕೊಂಡು ಆಫ್ ಆಗುತ್ತದೆ. ಅದಕ್ಕೇ ನಾಲ್ಕೈದು ಗೇರ್ ಬೇಕು. ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಎಳೆಯುತ್ತದೆ. ಆದರೆ ಹೆಚ್ಚು ಎಳೆಯಲು ಹೆಚ್ಚು ಕರೆಂಟು ಬೇಕು. ಕರೆಂಟು ಹೆಚ್ಚಿದಷ್ಟೂ ವೈರು, ಮೋಟಾರು, ಬ್ಯಾಟರಿ ಎಲ್ಲವೂ ಕಾಯುತ್ತವೆ.

ಈ ಲೆಕ್ಕ ಟೆಸ್ಲಾ ಕಂಪನಿಯನ್ನೂ ಕಾಡಿತು. ಬ್ರಿಟನ್ನಿನ ಲೋಟಸ್ ಎಲಿಸ್ ಕಾರನ್ನು ಆಧಾರವಾಗಿಟ್ಟುಕೊಂಡು ಅದು ರೋಡ್‌ಸ್ಟರ್ ಕಾರು ಮಾಡಿತು. ಥಟ್ಟನೆ ವೇಗ ಪಡೆಯಲು ಒಂದು ಗೇರ್, ಗಂಟೆಗೆ 200 ಕಿ.ಮೀ. ಮುಟ್ಟಲು ಇನ್ನೊಂದು ಎಂಬುದು ಯೋಜನೆ. ಆದರೆ ಆ ಎರಡು ಗೇರಿನ ಪೆಟ್ಟಿಗೆ ಬಾಳಿಕೆ ಬರಲಿಲ್ಲ. 2008ರಲ್ಲಿ ಮೊದಲ ಕಾರುಗಳನ್ನು ಎರಡನೇ ಗೇರಿನಲ್ಲೇ ಬಿಗಿದು ಕೊಡಬೇಕಾಯಿತು. ಕೊನೆಗೆ ಮೋಟಾರಿಗೆ ಹೆಚ್ಚು ಕರೆಂಟು ಕೊಡಬಲ್ಲ ಎಲೆಕ್ಟ್ರಾನಿಕ್ಸ್ ಹಾಕಿ, ಒಂದೇ ಗೇರಿಗೆ ಬಂದರು. ಮೋಟಾರು 8.28 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು.

ಅದಕ್ಕೂ ಮೊದಲೇ, 2001ರಲ್ಲಿ ಬೆಂಗಳೂರಿನ ರೇವಾ ರಸ್ತೆಗಿಳಿದಿತ್ತು. ಅದರಲ್ಲೂ ಗೇರ್ ಬದಲಿಸುವ ಕೆಲಸವಿರಲಿಲ್ಲ. ಅದು ಪೇಟೆಯೊಳಗೆ ಓಡಾಡುವ ಪುಟ್ಟ ಕಾರು. ಭಾರೀ ವೇಗ ಬೇಕಿರಲಿಲ್ಲ, ಒಂದೇ ಗೇರ್ ಸಾಕಾಯಿತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. 12 ಇಂಚು ರಿಮ್ಮಿನ ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ 1,000 ಮೀಟರ್. ಅಂದರೆ ಚಕ್ರ ನಿಮಿಷಕ್ಕೆ ಸುಮಾರು 625 ಸುತ್ತು. ನಿಮ್ಮ ಮೋಟಾರು 4,000 ಸುತ್ತಿನಲ್ಲಿ ಚೆನ್ನಾಗಿ ಕೆಲಸ ಮಾಡುವುದಾದರೆ 4,000ವನ್ನು 625ರಿಂದ ಭಾಗಿಸಿ: 6.4. ಹಳೆಯ ಸಣ್ಣ ಕಾರುಗಳಲ್ಲಿ ಇದು ಹೆಚ್ಚುಕಡಿಮೆ ಎರಡನೇ, ಮೂರನೇ ಗೇರುಗಳ ನಡುವೆ ಬರುತ್ತದೆ. ಅದಕ್ಕೇ ಕಾರು ಬದಲಾಯಿಸುವವರಲ್ಲಿ ಹಲವರು ಹಳೆಯ ಗೇರ್‌ಬಾಕ್ಸನ್ನು ಕಿತ್ತೆಸೆಯದೆ ಉಳಿಸಿಕೊಳ್ಳುತ್ತಾರೆ. ಏರು ಸಿಕ್ಕಾಗ ಕೆಳಗಿನ ಗೇರ್ ಹಾಕಿದರೆ ಮೋಟಾರಿನ ಮೇಲಿನ ಹೊರೆ ಇಳಿಯುತ್ತದೆ.

"ಎಷ್ಟು ಕಿಲೋವ್ಯಾಟ್ ಮೋಟಾರು?" ಎಂದಷ್ಟೇ ಕೇಳಿ ದುಡ್ಡು ಎಣಿಸಬೇಡಿ ಎಂಬುದು ನಮ್ಮ ಮಾತು. "ನಾಲ್ಕು ಜನ ಕೂತು ನಮ್ಮೂರ ಏರು ಹತ್ತುವಾಗ ಯಾವ ಗೇರ್? ಆಗ ಮೋಟಾರು ಎಷ್ಟು ಸುತ್ತು ತಿರುಗುತ್ತದೆ?" ಎಂದು ಕೇಳಿ. ಉತ್ತರ ತಡವರಿಸಿದರೆ ನಿಮ್ಮ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.